ಎಫ್‌ಒಪಿ: ದವಡೆ, ಕುತ್ತಿಗೆಯಲ್ಲಿ ಊತ ಬಂದರೆ ಏನು ಮಾಡಬೇಕು?

ಫೈಬ್ರೋಡಿಸ್‌ಪ್ಲೇಸಿಯಾ ಆಸಿಫಿಕನ್ಸ್ ಪ್ರೊಗ್ರೆಸ್ಸಿವಾ, ಚಿಕ್ಕದಾಗಿ ಎಫ್‌ಒಪಿ, ಬಹಳ ಅಪರೂಪದ ಆನುವಂಶಿಕ ಕಾಯಿಲೆ. ಸುಮಾರು 10ರಿಂದ 20 ಲಕ್ಷ ಜನರಲ್ಲಿ ಒಬ್ಬರಿಗೆ ಬರುತ್ತದೆ. ಎಸಿವಿಆರ್1 ಎಂಬ ಜೀನ್‌ನಲ್ಲಿ ಆಗುವ ಬದಲಾವಣೆ ಇದಕ್ಕೆ ಕಾರಣವೆಂದು 2006ರಲ್ಲಿ ಗೊತ್ತಾಯಿತು. ಇದರಲ್ಲಿ ಸ್ನಾಯು, ಸ್ನಾಯುರಜ್ಜುಗಳ ಜಾಗದಲ್ಲಿ ಮೂಳೆ ಬೆಳೆಯುತ್ತದೆ. ಹೆಚ್ಚಿನ ಮಕ್ಕಳಲ್ಲಿ ಹುಟ್ಟುವಾಗಲೇ ಕಾಲಿನ ಹೆಬ್ಬೆರಳು ಗಿಡ್ಡವಾಗಿ, ಪಕ್ಕದ ಬೆರಳುಗಳ ಕಡೆ ವಾಲಿರುತ್ತದೆ.

ದವಡೆಯ ಕೆಳಗಿನ ಊತ ಏಕೆ ಅಪಾಯ?

ಮೂಳೆ ಬೆಳೆಯುವ ಮೊದಲು ಆ ಜಾಗ ಊದಿಕೊಂಡು ನೋಯುತ್ತದೆ. ಇದನ್ನು ಫ್ಲೇರ್-ಅಪ್ ಎನ್ನುತ್ತಾರೆ. ದವಡೆಯ ಕೆಳಗೆ ಹೀಗಾದರೆ ನೋಡಲು ಮಂಗನಬಾವು, ಹಲ್ಲಿನ ಕೀವು ಅಥವಾ ಗಡ್ಡೆಯಂತೆ ಕಾಣಬಹುದು. ಊತ ಒಳಗೆ ಒತ್ತಿದರೆ ನುಂಗುವುದು, ಉಸಿರಾಡುವುದು ಕಷ್ಟವಾಗುತ್ತದೆ. ಮುಂದೆ ಬಾಯಿ ತೆರೆಯದಂತೆ ದವಡೆ ಬಿಗಿಯಬಹುದು.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

• ಉಸಿರಾಟದ ತೊಂದರೆ, ಉಸಿರಿನಲ್ಲಿ ಶಬ್ದ
• ಜೊಲ್ಲು ಸುರಿಯುವುದು, ನೀರು ಕುಡಿದರೂ ಕೆಮ್ಮು ಬರುವುದು
• ದನಿ ಬದಲಾಗುವುದು
• ಊತ ಬೇಗ ಬೇಗ ಹೆಚ್ಚುವುದು

ಈ ಲಕ್ಷಣಗಳಿಲ್ಲದಿದ್ದರೂ ಅದೇ ದಿನ ವೈದ್ಯರಿಗೆ ತಿಳಿಸಿ. ಸೋಂಕು ಕೂಡ ಇರಬಹುದು, ಜ್ವರವಿದ್ದರೆ ಹೇಳಿ.

ಏನು ಮಾಡಬಾರದು?

ಊತವನ್ನು ತಿಕ್ಕಬೇಡಿ, ಒತ್ತಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ಬಯಾಪ್ಸಿ, ಗಡ್ಡೆ ತೆಗೆಯುವ ಆಪರೇಷನ್, ಸ್ನಾಯುವಿಗೆ ಕೊಡುವ ಇಂಜೆಕ್ಷನ್, ಇವುಗಳಿಂದ ಹೊಸ ಮೂಳೆ ಬೆಳೆಯಬಹುದು. ಹಲ್ಲಿನ ಚಿಕಿತ್ಸೆಯಲ್ಲಿ ಕೆಳದವಡೆ ಮರಗಟ್ಟಿಸಲು ಕೊಡುವ ಬ್ಲಾಕ್ ಇಂಜೆಕ್ಷನ್, ಬಾಯಿಯನ್ನು ಬಲವಂತವಾಗಿ ಅಗಲಿಸುವುದು ಕೂಡ ಬೇಡ. ರಕ್ತ ಪರೀಕ್ಷೆಗಾಗಿ ರಕ್ತನಾಳದಿಂದ ರಕ್ತ ತೆಗೆಯಬಹುದು.

ಔಷಧಿ ಬಗ್ಗೆ

ದವಡೆ ಅಥವಾ ಅದರ ಕೆಳಗಿನ ಊತಕ್ಕೆ ವೈದ್ಯರು ಸಾಮಾನ್ಯವಾಗಿ ಪ್ರೆಡ್ನಿಸೊಲೋನ್‌ನಂತಹ ಸ್ಟೀರಾಯ್ಡ್ ಮಾತ್ರೆ ಕೊಡುತ್ತಾರೆ. ಊತ ಶುರುವಾದ 24 ಗಂಟೆಯೊಳಗೆ ಆರಂಭಿಸಿದರೆ ಒಳ್ಳೆಯದು. ಸಾಮಾನ್ಯವಾಗಿ 4 ದಿನ ಕೊಡುತ್ತಾರೆ. ಗಂಟಲಿಗೆ ಅಪಾಯವಿದ್ದರೆ ಹೆಚ್ಚು ದಿನ ಕೊಟ್ಟು ನಿಧಾನವಾಗಿ ಕಡಿಮೆ ಮಾಡಬಹುದು. ಸ್ಟೀರಾಯ್ಡ್ ಊತ ಇಳಿಸುತ್ತದೆ, ಆಗಲೇ ಬೆಳೆದ ಮೂಳೆಯನ್ನು ಕರಗಿಸುವುದಿಲ್ಲ. ಸ್ವಂತವಾಗಿ ಡೋಸ್ ಹೆಚ್ಚಿಸಬೇಡಿ, ಹಲವು ದಿನ ತೆಗೆದುಕೊಂಡ ಮೇಲೆ ಒಮ್ಮೆಲೇ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ, ಹೊಟ್ಟೆಹುಣ್ಣು ಇದ್ದರೆ ಮೊದಲೇ ತಿಳಿಸಿ.

ಮನೆಯಲ್ಲಿ ಆರೈಕೆ

ಸರಿಯಾಗಿ ನುಂಗಲು ಆಗುತ್ತಿದ್ದರೆ ಮಾತ್ರ, ನೇರವಾಗಿ ಕೂರಿಸಿ ಗಂಜಿ, ಮೆತ್ತಗಿನ ಅನ್ನದಂತಹ ಆಹಾರವನ್ನು ಸ್ವಲ್ಪ ಸ್ವಲ್ಪವೇ ಕೊಡಿ. ತಿನ್ನುವಾಗ ಕೆಮ್ಮು ಬಂದರೆ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ.

ಮೊದಲೇ ಸಿದ್ಧರಾಗಿರಿ

ಎಫ್‌ಒಪಿಯ ಹೆಸರನ್ನೇ ಕೇಳದ ವೈದ್ಯರು ಇರಬಹುದು. ಹೊಸ ಊರಿನ ತುರ್ತು ವಿಭಾಗದಲ್ಲಿ ಭಾಷೆಯೂ ತೊಡಕಾಗಬಹುದು. ನಿಮ್ಮ ತಜ್ಞರಿಂದ ಇಂಗ್ಲಿಷ್‌ನಲ್ಲಿ ಒಂದು ಪತ್ರ ಬರೆಸಿ ಸದಾ ಜೊತೆಗಿಡಿ. ಅದರಲ್ಲಿ ಕಾಯಿಲೆಯ ಪೂರ್ಣ ಹೆಸರು, ಮಾಡಬಾರದ ಚಿಕಿತ್ಸೆಗಳು, ಸ್ಟೀರಾಯ್ಡ್ ಡೋಸ್ ಇರಲಿ. ಉಸಿರಿನ ಕೊಳವೆ ಹಾಕಬೇಕಾದರೆ ಅನುಭವಿ ಅರಿವಳಿಕೆ ತಜ್ಞರೇ ಬೇಕೆಂಬುದನ್ನೂ ಸೇರಿಸಿ. ಅದರ ಫೋಟೋ ಮನೆಯವರೆಲ್ಲರ ಮೊಬೈಲ್‌ನಲ್ಲಿರಲಿ.