ಬಿಟ್ಟಿ ಬೇರೆ, ಮುಕ್ತ ಬೇರೆ: ಗಡಿನಾಡ ಮನೆಗೆ ಯಾವ ತಂತ್ರಾಂಶ?

ಕಾಸರಗೋಡಿನ ಸರಕಾರಿ ಪ್ರೌಢಶಾಲೆಯಲ್ಲಿ ಓದುವ ಮಗು ಗಣಕಯಂತ್ರ ಕಲಿಯುವುದು ಲಿನಕ್ಸ್‌ನಲ್ಲಿ. ಮನೆಗೆ ಯಂತ್ರ ಕೊಳ್ಳಲು ಪೇಟೆಗೆ ಹೋದ ತಂದೆಗೆ ಅಂಗಡಿಯವರು ತೋರಿಸುವುದು ವಿಂಡೋಸ್. ಶಾಲೆಯದು ಬಿಟ್ಟಿ ಸಿಗುವ ಸರಕು, ಅದಕ್ಕೇ ಸರಕಾರ ಹಾಕಿದೆ ಎಂಬ ಮಾತು ಸಾಮಾನ್ಯ. ಇದು ಅರ್ಧ ಸತ್ಯ ಮಾತ್ರ.

ಇಂಗ್ಲಿಷಿನ 'ಫ್ರೀ' ಪದಕ್ಕೆ ಬಿಟ್ಟಿ, ಸ್ವತಂತ್ರ ಎಂಬ ಎರಡೂ ಅರ್ಥಗಳಿವೆ. ಮಲಯಾಳದಲ್ಲಿ 'ಸ್ವತಂತ್ರ ಸಾಫ್ಟ್‌ವೇರ್' ಎನ್ನುವುದರಿಂದ ಅಲ್ಲಿ ಈ ಗೊಂದಲವಿಲ್ಲ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದಾಗ ಅವರ ಮನಸ್ಸಿನಲ್ಲಿದ್ದುದು ಬೆಲೆಯಲ್ಲ, ಹಕ್ಕು. ತಂತ್ರಾಂಶವನ್ನು ಬಳಸುವ, ಅದರ ಒಳಗನ್ನು ಓದಿ ತಿಳಿಯುವ, ತಿದ್ದುವ, ಇತರರಿಗೆ ಹಂಚುವ ಹಕ್ಕು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ತಿರುಳನ್ನು ಬರೆದರು. 'ಓಪನ್ ಸೋರ್ಸ್' ಎಂಬ ಹೆಸರು ಬಂದದ್ದು 1998ರಲ್ಲಿ. ಹಕ್ಕು ಮುಖ್ಯವೋ ಒಳ್ಳೆಯ ತಂತ್ರಾಂಶ ಮುಖ್ಯವೋ ಎಂದು ಈ ಎರಡು ಪಂಗಡದವರು ಇಂದಿಗೂ ಜಗಳವಾಡುತ್ತಾರೆ. ಬಳಸುವವನಿಗೆ ಆ ಜಗಳ ಅಷ್ಟೇನೂ ಮುಖ್ಯವಲ್ಲ.

ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಶುರುವಾಯಿತು. ಆ ದಶಕ ಮುಗಿಯುವಷ್ಟರಲ್ಲಿ ಶಾಲೆಗಳು ಲಿನಕ್ಸ್‌ಗೆ ಬದಲಾಗಿದ್ದವು. 2017ರಲ್ಲಿ ಯೋಜನೆಗೆ 'ಕೈಟ್' ಎಂಬ ಹೊಸ ಹೆಸರು ಬಂತು. ಉಬುಂಟುವನ್ನು ಆಧರಿಸಿ ಅದು ಸಿದ್ಧಪಡಿಸುವ ವ್ಯವಸ್ಥೆಯಲ್ಲಿ ಜಿಂಪ್, ಇಂಕ್‌ಸ್ಕೇಪ್, ಜಿಯೋಜೀಬ್ರಾ, ಲಿಬ್ರೆ ಆಫೀಸ್ ಎಲ್ಲವೂ ಸೇರಿವೆ. ಅದನ್ನು ಮನೆಯ ಯಂತ್ರಕ್ಕೂ ಹಾಕಿಕೊಳ್ಳಬಹುದು, ನೆರೆಮನೆಯವರಿಗೂ ಕೊಡಬಹುದು, ಕಳ್ಳ ಪ್ರತಿಯೆಂಬ ಅಳುಕಿಲ್ಲ. ಹಳ್ಳಿಯ ಎಷ್ಟೋ ಯಂತ್ರಗಳಲ್ಲಿರುವ ವಿಂಡೋಸ್ ಬಗ್ಗೆ ಹೀಗೆ ಹೇಳಲಾಗದು ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು.

ಬಿಟ್ಟಿ ಮತ್ತು ಮುಕ್ತದ ನಡುವಿನ ಅಂತರ ಕನ್ನಡದ ಅನುಭವದಲ್ಲೇ ಚೆನ್ನಾಗಿ ಕಾಣುತ್ತದೆ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ದಕ್ಷಿಣ ಕನ್ನಡದ ಕಿನ್ನಿಕಂಬಳ ಮೂಲದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಮನೆಮಾತಾಯಿತು. ಇವು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು, ಅದನ್ನು ಮರೆಯುವುದು ಸಲ್ಲ. ಆದರೆ ಆಗಿನ ಕಡತಗಳಲ್ಲಿ ಅಕ್ಷರಗಳು ಆಯಾ ಫಾಂಟಿನ ಸಂಕೇತದಲ್ಲೇ ಕೂತಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಕೊಂಬು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಂತೆ. ದೇವಸ್ಥಾನದ ಬ್ರಹ್ಮಕಲಶ ಸಂಚಿಕೆ, ಸಹಕಾರಿ ಸಂಘದ ವರದಿ, ಯಕ್ಷಗಾನ ಪ್ರಸಂಗ ಹೀಗೆ ಸಿಕ್ಕಿಹಾಕಿಕೊಂಡ ಊರುಗಳಿವೆ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಬಳಕೆಗೆ ಬರಲು ವರ್ಷಗಳು ಹಿಡಿದವು. ನುಡಿ, ಬರಹಗಳೂ ನಂತರ ಅದನ್ನು ಸೇರಿಸಿಕೊಂಡವು. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳನ್ನು ಸ್ವಯಂಸೇವಕರು ಬರೆದು ಮುಕ್ತವಾಗಿ ಬಿಟ್ಟಿದ್ದಾರೆ. ಹಳೆಯ ಯಂತ್ರ ಕೆಡುವ ಮೊದಲೇ ಈ ಕೆಲಸ ಮುಗಿಸುವುದು ಜಾಣತನ.

ಎರಡು ಲಿಪಿ ಬಳಸುವ ಗಡಿನಾಡಿನವರಿಗೆ ಇನ್ನೊಂದು ಅನುಕೂಲವಿದೆ. ಕೇಂದ್ರ ಸರಕಾರ 1980ರ ದಶಕದಲ್ಲಿ ರೂಪಿಸಿದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕನ್ನಡದ 'ಕ' ಬರುವ ಕೀಲಿಯಲ್ಲೇ ಮಲಯಾಳ, ತಮಿಳು, ತೆಲುಗು, ಮರಾಠಿಗಳ 'ಕ' ಕೂಡ ಬರುತ್ತದೆ. ಒಂದು ಕಲಿತರೆ ಇನ್ನೊಂದು ಬಹುಪಾಲು ಬಂದಂತೆಯೇ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಇದು ಇದೆ. ಹೀಗಿದ್ದೂ ಬಳಸುವವರು ಕಡಿಮೆ.

ಒಡೆಯ ಬದಲಾದರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಓಪನ್ ಆಫೀಸ್‌ನ ಒಡೆತನ 2010ರಲ್ಲಿ ಸನ್ ಕಂಪನಿಯಿಂದ ಒರಾಕಲ್‌ಗೆ ಹೋದಾಗ ಅದನ್ನು ಬರೆಯುತ್ತಿದ್ದ ಹಲವರು ಹೊರಬಂದು, ಅದೇ ಸಂಕೇತದಿಂದ ಲಿಬ್ರೆ ಆಫೀಸ್ ಕಟ್ಟಿದರು. ಬಳಕೆದಾರರ ಕಡತಗಳಿಗೆ ಧಕ್ಕೆಯಾಗಲಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿದಾಗ ಅಂಥ ದಾರಿ ಇರಲಿಲ್ಲ. ಹಳೆಯ ಅನೇಕ ಯಂತ್ರಗಳು ವಿಂಡೋಸ್ 11ರ ಷರತ್ತಿಗೆ ಹೊಂದುವುದಿಲ್ಲ. ಅವುಗಳಲ್ಲಿ ಲಿನಕ್ಸ್ ಇನ್ನೂ ಕೆಲವು ವರ್ಷ ಓಡೀತು.

ಮುಕ್ತ ಎಂದಾಕ್ಷಣ ಎಲ್ಲವೂ ನಮ್ಮ ಕೈಯಲ್ಲಿ ಎಂದೇನಿಲ್ಲ. ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸೇ. ಆದರೂ ಅದರ ಮೇಲಿನ ಗೂಗಲ್ ಹಿಡಿತದ ದುರುಪಯೋಗಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ 1337.76 ಕೋಟಿ ರೂಪಾಯಿ ದಂಡ ಹಾಕಿತು.

ಅಂಗಡಿ ಲೆಕ್ಕಕ್ಕೆ ಟ್ಯಾಲಿ ಬೇಕಾದವರು ವಿಂಡೋಸ್ ಕೊಳ್ಳುವುದೇ ಸರಿ, ಅದರಲ್ಲಿ ನಾಚಿಕೆಯಿಲ್ಲ. ಮಕ್ಕಳ ಓದು, ಪತ್ರ, ಅಂತರಜಾಲ ಇಷ್ಟೇ ಸಾಕೆನ್ನುವವರು ಮೊದಲು ಲಿನಕ್ಸನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಹಾರ್ಡ್‌ಡಿಸ್ಕಿನಲ್ಲಿರುವುದನ್ನು ಅಳಿಸಬೇಕಾಗಿಲ್ಲ. ಮನೆಯ ಪ್ರಿಂಟರ್ ಆಗಲೇ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಹೆಚ್ಚಿನವರು ಮುಗ್ಗರಿಸುವುದು ಅಲ್ಲೇ.