ಅಂಡರ್‌ಪಾಸ್ ಗೋಡೆ ಮ್ಯಾಲ ಯಾರ ಹೆಸರು?

ಸ್ವಲ್ಪ ಉದ್ದ ಬರೆದೀನಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಈಗ ಊರೂರಿಗೆ ಗೋಡೆ ಚಿತ್ರದ ಹವಾ ಎದ್ದದ. ರೈಲ್ವೆ ಅಂಡರ್‌ಪಾಸ್, ಫ್ಲೈಓವರ್ ಕಂಬ, ಆಸ್ಪತ್ರೆ ಕಾಂಪೌಂಡ್, ಎಲ್ಲಾ ಕಡೆ ಬಣ್ಣ. ಯಾದಗಿರಿ, ಶಹಾಪುರ, ಸುರಪುರದ ನಮ್ಮ ಹುಡುಗರೂ ಕೇಳ್ತಾರೆ, "ಅಣ್ಣಾ, ನಮ್ಮಲ್ಲೂ ಬಾಬಾಸಾಹೇಬರ ಚಿತ್ರ ಬರೆಸೋಣೇನು?" ಬರೆಸೋಣ. ಆದರೆ ಈ ಕೆಲಸದ ಚರಿತ್ರೆ ತಿಳ್ಕೊಂಡು ಬರೆಸೋಣ. ಗೋಡೆಗೆ ಬಳಿಯೋ ಬಣ್ಣ ಅಲ್ಲಿರೋ ಜನರನ್ನ ಕಾಣಿಸಲಿಕ್ಕೂ ಆಗ್ತದ, ಮುಚ್ಚಲಿಕ್ಕೂ ಆಗ್ತದ.

ಸೇತುವೆ ಕೆಳಗಿನ ಜಾಗವನ್ನು ಜನ ತಮ್ಮದು ಮಾಡಿಕೊಂಡ ದೊಡ್ಡ ಉದಾಹರಣೆ ಅಮೆರಿಕದ ಸ್ಯಾನ್ ಡಿಯಾಗೋ ನಗರದ್ದು. ಅಲ್ಲಿ ಮೆಕ್ಸಿಕನ್ ಮೂಲದ ಕೂಲಿಕಾರರ ಓಣಿಯೊಂದನ್ನು ಮೊದಲು ಹೆದ್ದಾರಿ ಸೀಳಿತು. 1969ರಲ್ಲಿ ಕೊರೊನಾಡೊ ಸೇತುವೆ ಅದೇ ಓಣಿಯ ನೆತ್ತಿ ಮ್ಯಾಲ ಹಾದು ಹೋಯಿತು. ರಸ್ತೆ ಬಂದಾಗ ಯಾರ ಮನೆ ಒಡೀತಾವ ಅನ್ನೋದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸೇತುವೆ ಕೆಳಗೆ ಉದ್ಯಾನ ಕೇಳಿದ್ದರು ಜನ. ಅಲ್ಲಿ ಹೆದ್ದಾರಿ ಪೊಲೀಸರಿಗೆ ಜಾಗ ಮಾಡಲಿಕ್ಕೆ ಬುಲ್ಡೋಜರ್ ಬಂತು. 1970ರ ಏಪ್ರಿಲ್ 22ರಂದು ವಿದ್ಯಾರ್ಥಿಗಳು, ತಾಯಂದಿರು, ಮಕ್ಕಳು ಹೋಗಿ ಅಲ್ಲೇ ಕೂತರು. (ಏಪ್ರಿಲ್ ಅಲ್ಲೂ ಹೋರಾಟದ ತಿಂಗಳೇ ನೋಡ್ರಿ.) ಹನ್ನೆರಡು ದಿನ ಜಾಗ ಬಿಡಲಿಲ್ಲ, ಸರ್ಕಾರ ಮಣಿಯಿತು. ಕಂಬಗಳ ಮ್ಯಾಲ ಚಿತ್ರ ಮೂಡಿದ್ದು 1973ರಿಂದ. ಮೊದಲು ನೆಲ, ಆಮೇಲೆ ಬಣ್ಣ. ಈ ಅನುಕ್ರಮ ನೆನಪಿರಲಿ. ಇವತ್ತು ಆ ಚಿಕಾನೊ ಪಾರ್ಕ್ ಅಮೆರಿಕದ ರಾಷ್ಟ್ರೀಯ ಸ್ಮಾರಕ.

ಕರ್ನಾಟಕದಾಗ ಗೋಡೆ ನಮಗೆ ಮೊದಲು ಸಿಕ್ಕಿದ್ದು ಚಿತ್ರಕ್ಕಲ್ಲ, ಅಕ್ಷರಕ್ಕೆ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಆಡಿದ ಬೂಸಾ ಮಾತಿಗೆ ಇಡೀ ರಾಜ್ಯ ಹೊತ್ತಿಕೊಂಡಿತು. ಆ ಬೆಂಕಿಯೊಳಗಿಂದ, ಬಿ. ಕೃಷ್ಣಪ್ಪನವರಂಥವರ ದುಡಿಮೆಯಿಂದ ದಲಿತ ಸಂಘರ್ಷ ಸಮಿತಿ ಎದ್ದು ಬಂತು. 'ಪಂಚಮ' ಪತ್ರಿಕೆ ಇತ್ತು, ಖರೆ. ಆದರೆ ಪತ್ರಿಕೆ ಎಷ್ಟು ಜನರ ಕೈಗೆ ಹೋದೀತು? ಊರ ಬಾಯಾಗ, ಬಸ್ ನಿಲ್ದಾಣದಾಗ ನಿಂತವರೆಲ್ಲ ಓದಲೇಬೇಕಾದ್ದು ಗೋಡೆ. ಹೆಂಡ ಬೇಡ, ಭೂಮಿ ಬೇಕು, ವಸತಿ ಶಾಲೆ ಬೇಕು ಅನ್ನೋ ಬೇಡಿಕೆ ಹೊಲಗೇರಿ ದಾಟಿ ಊರೊಳಗೆ ಕಾಲಿಟ್ಟಿದ್ದು ಹಾಡು, ಜಾಥಾ, ಗೋಡೆಬರಹದ ಜೊತೆಗೇನೇ. ಒಂದು ಡಬ್ಬಿ ಬಣ್ಣ, ಒಂದು ಬ್ರಶ್, ರಾತ್ರಿಯ ನಾಲ್ಕು ತಾಸು, ಇಷ್ಟೇ ಬಂಡವಾಳ.

ಅದೇ ಹೊತ್ತಿಗೆ, 1981ರಲ್ಲಿ, ತೆರೆದ ಸ್ಥಳಗಳ ವಿರೂಪ ತಡೆಯೋ ಕಾಯ್ದೆಯನ್ನ ರಾಜ್ಯ ಸರ್ಕಾರ ತಂತು. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಸಾರ್ವಜನಿಕರ ಕಣ್ಣಿಗೆ ಬೀಳೋ ಜಾಗದಾಗ ಬರೆದರೆ, ಅಂಟಿಸಿದರೆ ಶಿಕ್ಷೆ. ನಮ್ಮ ಸಲುವಾಗೇ ತಂದ ಕಾಯ್ದೆ ಅಂತ ನಾ ಹೇಳೋದಿಲ್ಲ, ಸಿನಿಮಾ ಪೋಸ್ಟರ್ ಹಾವಳಿಯೂ ಇತ್ತು. ಆದರೆ ದುಡ್ಡಿದ್ದವನಿಗೆ ಹೋರ್ಡಿಂಗ್ ಬಾಡಿಗೆ ಸಿಗ್ತದ. ಗೋಡೆ ಬಿಟ್ಟರೆ ಬೇರೆ ಗತಿ ಇಲ್ಲದವನಿಗೆ ಈ ಕಾಯ್ದೆ ಹೆಚ್ಚು ಬಿಸಿ ಮುಟ್ಟಿಸ್ತದ.

2009ರಲ್ಲಿ ಬೆಂಗಳೂರು ಪಾಲಿಕೆ ಗೋಡೆಗಳಿಗೆ ತಾನೇ ಚಿತ್ರ ಬರೆಸಿತು. ಹಂಪಿ, ಜೋಗ, ಅರಮನೆ, ಹುಲಿ. ಬರೆದವರು ಸಿನಿಮಾ ಬ್ಯಾನರ್, ಬೋರ್ಡ್ ಬರೀತಿದ್ದ ಪೇಂಟರ್‌ಗಳು. ಫ್ಲೆಕ್ಸ್ ಬಂದು ಅವರ ಅನ್ನ ಕಸಿದಿತ್ತು, ಅವರಿಗೆ ಕೂಲಿ ಸಿಕ್ಕಿದ್ದು ಒಳ್ಳೇದೇ. ಆದರೆ ಆ ಗೋಡೆ ಪಕ್ಕ ಹೂವು ಮಾರೋಳು, ನಸುಕಿನಾಗ ಕಸ ಗುಡಿಸೋಳು ಆ ಚಿತ್ರದಾಗ ಇರಲಿಲ್ಲ. ಪೋಸ್ಟರ್ ಹಚ್ಚಬಾರದು, ಮೂತ್ರ ಮಾಡಬಾರದು ಅಂತ ಬರೆಸಿದ ಚಿತ್ರ ಅದು. ಇನ್ನೊಂದು ಮಾತು. ಬೆಂಗಳೂರಿನ ಅಂಡರ್‌ಪಾಸು, ಅಪಾರ್ಟ್‌ಮೆಂಟು ಕಟ್ಟಿದ ಕೈಗಳೊಳಗ ಯಾದಗಿರಿ ಜಿಲ್ಲೆಯಿಂದ ಗುಳೆ ಹೋದ ಕೈಗಳೂ ಅದಾವ. ಅವರ ಚಿತ್ರ ಯಾವ ಗೋಡೆ ಮ್ಯಾಲೂ ನಾನು ನೋಡಿಲ್ಲ.

ಇದಕ್ಕೆ ತಿರುಗಿ ನಿಂತ ಕೆಲಸ 2016ರಲ್ಲಿ ಕೆ.ಆರ್. ಮಾರ್ಕೆಟ್‌ನಲ್ಲಿ ಆಯಿತು. ಪೂರ್ಣಿಮಾ ಸುಕುಮಾರ್ ಶುರು ಮಾಡಿದ ಅರವಾಣಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಹೆಣ್ಣುಮಕ್ಕಳೇ ಬ್ರಶ್ ಹಿಡಿದು, ನಾವು ಇದ್ದೇವೆ ಅಂತ ಗೋಡೆ ಮ್ಯಾಲ ಸಾರಿದರು. ಈ ಮಾತಿನ ತೂಕ ಗೊತ್ತಾಗಬೇಕಾದ್ರೆ ಇನ್ನೊಂದು ಕಾಯ್ದೆ ನೆನಪಿಸಿಕೊಳ್ಳಬೇಕು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅನ್ನೋ ಕಲಂ ಸೇರಿಸಿ, ಸಂಶಯದ ಮ್ಯಾಲ ಇವರ ಹೆಸರು, ವಿಳಾಸ ರಿಜಿಸ್ಟರ್‌ನಲ್ಲಿ ಬರೆದಿಡೋ ಅಧಿಕಾರ ಪೊಲೀಸರಿಗೆ ಕೊಟ್ಟರು. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟು ಕಾಯ್ದೆಯಲ್ಲಿ ಮಾಡಿದ್ದೂ ಇದನ್ನೇ. ಠಾಣೆಯ ರಿಜಿಸ್ಟರ್‌ನಲ್ಲಿ ಬರೆಸಿಕೊಳ್ಳೋದು ಬೇರೆ, ಮಾರ್ಕೆಟ್ ಗೋಡೆ ಮ್ಯಾಲ ತಾವೇ ಬರೆಯೋದು ಬೇರೆ. ಆ ಗುಂಪಿನ ಕೆಲಸ 2024ರಲ್ಲಿ ಇಟಲಿಯ ವೆನಿಸ್ ಕಲಾ ಪ್ರದರ್ಶನದ ತನಕ ಹೋಯಿತು. ಸಿಗ್ನಲ್‌ನಲ್ಲಿ ಕೈ ಚಾಚಬೇಕಾದ ಸ್ಥಿತಿ ಮಾತ್ರ ಆ ಸಮುದಾಯಕ್ಕೆ ಇನ್ನೂ ತಪ್ಪಿಲ್ಲ.

ಈಗ ನಮ್ಮ ನೆಲಕ್ಕೆ ಬರ್ರಿ. ಸುರಪುರ ಅಂದ್ರೆ ಚಿತ್ರಕಲೆಗೆ ಹೆಸರಾದ ಊರು. ಬೇಡ ನಾಯಕರ ಸಂಸ್ಥಾನದಾಗ ಬೆಳೆದ ಶೈಲಿ, ಗರುಡಾದ್ರಿ ಮನೆತನದ ಕಲಾವಿದರು, ಬಂಗಾರದ ರೇಕು, ಕೂದಲೆಳೆಯಂಥ ಗೆರೆ. ಹೆಮ್ಮೆ ಪಡೋಣ. ಆದರೆ ಅದು ಅರಮನೆ, ದೇವರಮನೆಗಳ ಕಲೆ. ನಮ್ಮ ಅಜ್ಜ-ಅಜ್ಜಿಯರು ಆ ಹೊಸ್ತಿಲು ದಾಟಿದವರಲ್ಲ.

ಭೀಮಾ ಹೊಳಿ ದಂಡಿಯ ಸನ್ನತಿ, ಕನಗನಹಳ್ಳಿ ಕಥೆ ಬೇರೆ. 1990ರ ದಶಕದ ಉತ್ಖನನದಲ್ಲಿ ಕನಗನಹಳ್ಳಿಯ ಸ್ತೂಪ ಹೊರಗೆ ಬಂತು. ಬ್ರಾಹ್ಮಿ ಲಿಪಿಯಲ್ಲಿ 'ರಾಯ ಅಸೋಕೋ' ಅಂತ ಬರೆದ ಅಶೋಕನ ಶಿಲ್ಪ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದು ಅನಿಸೋದು ಕಲ್ಲಿನ ಅಂಚಿನ ಸಣ್ಣ ಬರಹಗಳು. ಕಲ್ಲು ಕೊಟ್ಟ ಭಿಕ್ಕು, ಭಿಕ್ಕುಣಿ, ಗೃಹಸ್ಥರು, ಹೆಣ್ಣುಮಕ್ಕಳ ಹೆಸರುಗಳು. ಎರಡು ಸಾವಿರ ವರ್ಷದ ಹಿಂದೆ ಜನ ತಮ್ಮ ದುಡಿಮೆಯಿಂದ ಎತ್ತಿ ನಿಲ್ಲಿಸಿ ಹೆಸರು ಹಾಕಿಸಿಕೊಂಡ ಕಲೆ. ಹಾಗಂತ ಅದೇನು ಸಮಾನತೆಯ ಸ್ವರ್ಗ ಅಲ್ಲ. ಅಶೋಕನ ಪಕ್ಕ ಛತ್ರಿ ಹಿಡಿದು, ಚಾಮರ ಬೀಸುತ್ತಾ ನಿಂತ ಹೆಣ್ಣುಮಕ್ಕಳ ಹೆಸರು ಅಲ್ಲಿಲ್ಲ.

ಕಲ್ಲು ಮುಚ್ಚಿಹೋಗೋದು ಹ್ಯಾಂಗ ಅನ್ನೋದಕ್ಕೂ ಸಾಕ್ಷಿ ಅಲ್ಲೇ ಅದ. ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ ವಿಗ್ರಹದ ಪೀಠ ಹೊರಗೆ ಬಿತ್ತು. ನೋಡಿದ್ರೆ ಅಶೋಕನ ಶಾಸನದ ಕಲ್ಲು! ವಿಗ್ರಹ ಕೂರಿಸಲಿಕ್ಕೆ ಅಕ್ಷರದ ನಡುವೆಯೇ ತೂತು ಕೊರೆದಿದ್ದರು.

ಹಂಗಾಗಿ ಹುಡುಗರಿಗೆ ನಾ ಹೇಳೋದು: ಬಾಬಾಸಾಹೇಬರ ಚಿತ್ರ ಬರೆಸ್ರಿ, ಶಹಾಪುರದಾಗ ಬುದ್ಧ ಮಲಗಿದ ಬೆಟ್ಟ ಕಣ್ಣೆದುರೇ ಅದ, ಅದನ್ನೂ ಬರೆಸ್ರಿ. ಆದರೆ ಮೊದಲು ಅಂಡರ್‌ಪಾಸ್ ಬಾಯಾಗ ಕೂತು ಕಾಯಿಪಲ್ಲೆ ಮಾರೋ ಅವ್ವನ್ನ, ಮಳೆ ನೀರು ನಿಂತಾಗ ಮೋರಿ ಬಿಡಿಸೋ ಪೌರಕಾರ್ಮಿಕರನ್ನ, ಗುಳೆ ಹೋಗಿ ಬಂದವರನ್ನ ಕೂರಿಸಿ ಕೇಳ್ರಿ, ಇಲ್ಲಿ ಏನು ಇರಬೇಕು ಅಂತ. ಬಣ್ಣ ಹಚ್ಚಿದ ಮರುದಿನ ಗಾಡಿಯವರನ್ನ ಎಬ್ಬಿಸೋದಾದ್ರೆ ಆ ಚಿತ್ರವೇ ಬೇಡ.

ಫೈಲು ನೋಡೋ ಗುಮಾಸ್ತ ನಾನು, ಒಂದಿಷ್ಟು ಕಚೇರಿ ಮಾತು. ಗೋಡೆ ರೈಲ್ವೆಯದೋ, ಲೋಕೋಪಯೋಗಿಯದೋ, ನಗರಸಭೆಯದೋ ಮೊದಲು ತಿಳ್ಕೋರಿ. ಲಿಖಿತ ಅನುಮತಿ ತಗೋರಿ, ಬಾಯಿಮಾತು ನಡೆಯೋದಿಲ್ಲ, ನಾಳೆ 1981ರ ಕಾಯ್ದೆ ತೋರಿಸ್ತಾರೆ. ಅರ್ಜಿಯಲ್ಲೇ ಮೂರು ಮಾತು ಸೇರಿಸ್ರಿ: ಸ್ಥಳೀಯ ಪೇಂಟರ್‌ಗಳಿಗೆ ಪೂರ್ತಿ ಕೂಲಿ, ಚಿತ್ರದ ಕೆಳಗೆ ಬರೆದವರ ಮತ್ತು ಸಹಾಯ ಮಾಡಿದವರ ಹೆಸರು, ಅಲ್ಲಿ ಈಗ ವ್ಯಾಪಾರ ಮಾಡೋರನ್ನ ಎಬ್ಬಿಸೋದಿಲ್ಲ ಅನ್ನೋ ಭರವಸೆ. ಆವಕ ನಂಬರ್ ಬಿದ್ದ ಸ್ವೀಕೃತಿ ಪ್ರತಿ ಇಲ್ಲದೆ ಕಚೇರಿಯಿಂದ ಹೊರಗೆ ಬರಬ್ಯಾಡ್ರಿ.

ಕರಡು ಬೇಕಾದವರು ಹೇಳ್ರಿ, ರವಿವಾರ ಕೂತು ಟೈಪ್ ಮಾಡಿ ಕೊಡ್ತೀನಿ. ಜೈಭೀಮ್.