ಗುಬ್ಬಿ ವೀರಣ್ಣನವರ ಆಸ್ತಿ

ಹೋದ ತಿಂಗಳು ಹತ್ತನೆಯ ತರಗತಿಯಲ್ಲಿ ನಾಟಕದ ಪಾಠ ನಡೆದಿತ್ತು. ಕನ್ನಡ ರಂಗಭೂಮಿಯ ಮಾತು ಬಂದಾಗ ಸಹಜವಾಗಿಯೇ ಗುಬ್ಬಿ ವೀರಣ್ಣನವರ ಹೆಸರೆತ್ತಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಅವರು ಎಷ್ಟು ದುಡ್ಡು ಮಾಡಿದ್ರು ಸಾರ್?" ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಈಗಿನ ನಟರನ್ನು ಕುರಿತು ಜನ ಮೊದಲು ಕೇಳುವುದು ಅದನ್ನೇ. ಹಿಂದಿನವರನ್ನು ಕುರಿತು ಕೇಳಿದರೆ ತಪ್ಪೇನು? ವಾಚಕರೇ, ಅಂದು ಆ ಹುಡುಗನಿಗೆ ಕೊಡದೆ ಉಳಿಸಿಕೊಂಡ ಉತ್ತರವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ತುಮಕೂರು ಜಿಲ್ಲೆಯ ಗುಬ್ಬಿ ಆ ಕಾಲಕ್ಕೆ ಒಂದು ಸಣ್ಣ ಪೇಟೆ. ಅಲ್ಲಿ 1884ರಲ್ಲಿ ಕೆಲವು ಕಲಾಸಕ್ತರು ಸೇರಿ, ಊರ ದೈವವಾದ ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕದ ಮಂಡಳಿಯೊಂದನ್ನು ಕಟ್ಟಿದರು. ವೀರಣ್ಣನವರು ಹುಟ್ಟಿದ್ದು ಅದಾದ ಏಳು ವರ್ಷಕ್ಕೆ, 1891ರಲ್ಲಿ. ಹುಡುಗನ ಕೈಗೆ ಬಳಪ ಗಟ್ಟಿಯಾಗಿ ಹತ್ತುವ ಮೊದಲೇ ಮುಖಕ್ಕೆ ಬಣ್ಣ ಹತ್ತಿತು. ಬಾಲನಟನಾಗಿ ಕಂಪನಿಯನ್ನು ಸೇರಿದವರು ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ಅಲ್ಲಿಯೇ ವಿದ್ಯೆ ಕಲಿತರು. 1917ರ ಹೊತ್ತಿಗೆ ಆ ಕಂಪನಿಯ ಯಜಮಾನಿಕೆಯೇ ಅವರ ಹೆಗಲಿಗೆ ಬಂದಿತು.

ನಟರಾಗಿ ವೀರಣ್ಣನವರು ಹೆಸರು ಮಾಡಿದ್ದು ರಾಜನ ಪಾತ್ರದಿಂದಲ್ಲ, ಹಾಸ್ಯದಿಂದ. 'ಸದಾರಮೆ' ನಾಟಕದಲ್ಲಿ ಅವರ ಕಳ್ಳನ ಪಾತ್ರವನ್ನು ನೋಡಲು ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಕಿರೀಟ ಹೊತ್ತವನು ರಂಗದ ಮೇಲಿದ್ದರೂ ಸಭೆಯ ಕಣ್ಣು ಕಳ್ಳನ ದಾರಿಯನ್ನೇ ಕಾಯುತ್ತಿತ್ತು. 'ನಾಟಕರತ್ನ' ಎಂಬ ಬಿರುದು ಕೊನೆಯವರೆಗೂ ಅವರ ಹೆಸರಿಗೆ ಅಂಟಿಕೊಂಡಿತು. ಗಂಡಸರೇ ಸೀರೆಯುಟ್ಟು ಸ್ತ್ರೀಪಾತ್ರ ವಹಿಸುತ್ತಿದ್ದ ಕಾಲದಲ್ಲಿ ಅವರು ಸ್ತ್ರೀಯರನ್ನೇ ರಂಗಕ್ಕೆ ತಂದರು. ಅವರ ಪತ್ನಿ ಬಿ. ಜಯಮ್ಮನವರು ನಾಟಕದಲ್ಲಿಯೂ ಚಲನಚಿತ್ರದಲ್ಲಿಯೂ ದೊಡ್ಡ ಕಲಾವಿದೆಯೆನಿಸಿದರು.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ದುಡ್ಡು ಬಂದಿತೇ? ಬಂದಿತು, ಧಾರಾಳವಾಗಿಯೇ ಬಂದಿತು. ಆದರೆ ನಾಟಕದ ಕಂಪನಿಯೆಂದರೆ ಏನೆಂಬುದನ್ನು ಸ್ವಲ್ಪ ಯೋಚಿಸಿ ನೋಡಿ. ಅದೊಂದು ನಡೆದಾಡುವ ಊರು. ನಟರು, ಹಾಡುಗಾರರು, ಹಾರ್ಮೋನಿಯಂ ತಬಲದವರು, ಪರದೆ ಬರೆಯುವವರು, ಬಡಗಿಗಳು, ದರ್ಜಿಗಳು, ಅಡಿಗೆಯವರು, ಅವರವರ ಹೆಂಡಿರು ಮಕ್ಕಳು. ಆಟ ನಡೆಯಲಿ ಬಿಡಲಿ, ಎರಡು ಹೊತ್ತು ಒಲೆ ಉರಿಯಲೇಬೇಕು. ಒಂದು ವಾರ ಮಳೆ ಹಿಡಿದರೆ ಗಲ್ಲಾಪೆಟ್ಟಿಗೆ ಬರಿದು. ಹೊಟ್ಟೆಗಳು ಮಾತ್ರ ಬರಿದಾಗಿರಲು ಒಪ್ಪುವುದಿಲ್ಲ. ಒಂದು ಮೊಕ್ಕಾಮಿನ ಲಾಭ ಮುಂದಿನ ಮೊಕ್ಕಾಮಿನ ಸಾಗಾಣಿಕೆಗೆ, ಹೊಸ ಪರದೆಗೆ, ಹೊಸ ಉಡುಪಿಗೆ ಹೋಗುತ್ತದೆ. ಯಜಮಾನನ ಸಂಪತ್ತೆಲ್ಲ ಹೀಗೆ ಬಟ್ಟೆ, ಬಣ್ಣ, ಮರಗಳ ರೂಪದಲ್ಲಿ ಪೆಟ್ಟಿಗೆಗಳಲ್ಲಿರುತ್ತದೆ. ಅದನ್ನು ಮಾರುವಂತಿಲ್ಲ, ಮಾರಿದರೆ ಆಟವಿಲ್ಲ.

ವೀರಣ್ಣನವರಾದರೋ ಕೈ ಬಿಗಿಹಿಡಿದವರಲ್ಲ. 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ'ವನ್ನು ರಂಗಕ್ಕೇರಿಸಿದಾಗ ನಿಜವಾದ ಆನೆ ಕುದುರೆಗಳನ್ನೇ ವೇದಿಕೆಯ ಮೇಲೆ ನಡೆಸಿದರು. ಬಣ್ಣದ ಪರದೆಯಲ್ಲಿ ಆನೆಯನ್ನು ಬರೆಸಿದ್ದರೆ ಖರ್ಚು ಎಷ್ಟು ಉಳಿಯುತ್ತಿತ್ತು! ಆದರೆ ಹಳ್ಳಿಯಿಂದ ಬುತ್ತಿ ಕಟ್ಟಿಕೊಂಡು ಬಂದವನಿಗೆ ಕುರುಕ್ಷೇತ್ರವೇ ಕಣ್ಣ ಮುಂದೆ ನಿಲ್ಲಬೇಕೆಂಬುದು ಅವರ ಹಟ.

ಅದೇ ಹಟ ಅವರನ್ನು ಚಲನಚಿತ್ರಕ್ಕೂ ಎಳೆಯಿತು. ಬೆಂಗಳೂರಿನಲ್ಲಿ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಹೂಡಿ 'ಹರಿಮಾಯ', 'ಹಿಸ್ ಲವ್ ಅಫೇರ್' ಮೊದಲಾದ ಮೂಕಿ ಚಿತ್ರಗಳನ್ನು ತೆಗೆದರು. ಅಷ್ಟರಲ್ಲಿ, 1931ರಲ್ಲಿ, ಮುಂಬಯಿಯ 'ಆಲಂ ಆರಾ' ಬಂದು ಚಿತ್ರಗಳು ಮಾತನಾಡತೊಡಗಿದವು. ಮೂಕಿಯ ಕಾಲವೇ ಮುಗಿಯಿತು. ಬೇರೆಯವರಾಗಿದ್ದರೆ ಕೈ ತೊಳೆದುಕೊಳ್ಳುತ್ತಿದ್ದರು. ಇವರು 1935ರಲ್ಲಿ 'ಸದಾರಮೆ'ಯನ್ನು ವಾಕ್ಚಿತ್ರವಾಗಿ ತಂದರು. 1942ರಲ್ಲಿ 'ಜೀವನ ನಾಟಕ', 1945ರಲ್ಲಿ 'ಹೇಮರೆಡ್ಡಿ ಮಲ್ಲಮ್ಮ', 1953ರಲ್ಲಿ 'ಗುಣಸಾಗರಿ' ಬಂದವು. ನಾಟಕದಲ್ಲಿ ದುಡಿದದ್ದು ಚಿತ್ರಕ್ಕೆ, ಚಿತ್ರದಲ್ಲಿ ಬಂದದ್ದು ನಾಟಕಕ್ಕೆ. ಒಂದು ಕೆರೆಯ ತೂಬಿನಿಂದ ಇನ್ನೊಂದು ಕೆರೆಗೆ ನೀರು ಹರಿದಂತೆ ಹಣ ಹರಿಯಿತೇ ಹೊರತು ನಿಲ್ಲಲಿಲ್ಲ.

1954ರಲ್ಲಿ ಮದರಾಸಿನ ಎ.ವಿ.ಎಂ. ಸಂಸ್ಥೆಯೊಡನೆ ಸೇರಿ ತೆಗೆದ 'ಬೇಡರ ಕಣ್ಣಪ್ಪ'ವನ್ನು ನೀವು ಬಲ್ಲಿರಿ. ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದ ಆ ಚಿತ್ರದಲ್ಲಿ ಮುತ್ತುರಾಜನೆಂಬ ತರುಣ ರಾಜಕುಮಾರ್ ಎಂಬ ಹೆಸರಿನಿಂದ ನಾಯಕನಾದರು. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರೇ. ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಹುಣಸೂರು ಕೃಷ್ಣಮೂರ್ತಿ ಇವರೆಲ್ಲ ಅದೇ ಕಂಪನಿಯ ಅನ್ನ ಉಂಡವರು.

ಇನ್ನೊಂದು ಸಂಗತಿ ನನ್ನಂಥ ಮೇಷ್ಟರ ಮನಸ್ಸಿಗೆ ಹೆಚ್ಚು ನಾಟುವಂಥದು. ಬಾಬುಕೋಡಿಯಿಂದ ಓಡಿಬಂದು ಕಂಪನಿ ಸೇರಿದ ಹುಡುಗನೊಬ್ಬನಿದ್ದ. ಅವನಿಗೆ ಓದಿನ ಹಂಬಲವಿದೆಯೆಂದು ಕಂಡ ವೀರಣ್ಣನವರು ಅವನನ್ನು ಕಂಪನಿಯಲ್ಲೇ ದುಡಿಸಿಕೊಳ್ಳದೆ, ಕಾಶಿಗೆ ಕಳುಹಿಸಿ ಎಂ.ಎ. ಓದಿಸಿದರು. ತಾವು ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದವರು ಮಾಡಿದ ಕೆಲಸವಿದು. ಆ ಹುಡುಗನೇ ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದ ಬಿ.ವಿ. ಕಾರಂತರು.

1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ವೀರಣ್ಣನವರಿಗೆ ಸಂದಿತು. 1972ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ಕಾಲವಾದರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು 'ಕಲೆಯೇ ಕಾಯಕ'. ಕಾಯಕವೆಂಬ ಮಾತಿನ ಬೆನ್ನಿಗೇ ನಮ್ಮ ಶರಣರು ದಾಸೋಹವೆಂಬ ಮಾತನ್ನೂ ಇಟ್ಟಿದ್ದಾರೆ. ದುಡಿದದ್ದು ಹಂಚುವುದಕ್ಕೆ ಎಂಬುದು ಅದರ ತಾತ್ಪರ್ಯ. ವೀರಣ್ಣನವರ ಲೆಕ್ಕದ ಪುಸ್ತಕವನ್ನು ಓದಬೇಕಾದರೆ ಈ ಎರಡು ಮಾತುಗಳೂ ಬೇಕು.

ಸಂಸ್ಕೃತದಲ್ಲಿ 'ಅಸ್ತಿ' ಎಂದರೆ 'ಉಂಟು' ಎಂದರ್ಥ. ಯಾವುದು ಇಂದಿಗೂ ಉಂಟೋ ಅದನ್ನೇ ಆಸ್ತಿಯೆಂದು ಎಣಿಸೋಣ. ಆನೆ ಹೋಯಿತು, ಪರದೆ ಹರಿಯಿತು, ಗಲ್ಲಾಪೆಟ್ಟಿಗೆ ಮುಚ್ಚಿತು. ಅವರ ಮೊಮ್ಮಗಳು ಬಿ. ಜಯಶ್ರೀ ರಂಗದ ಮೇಲೆ ಹಾಡಿ ನಟಿಸಿ, 2013ರಲ್ಲಿ ತಾವೂ ಪದ್ಮಶ್ರೀ ಪಡೆದರು. ರಾಜಕುಮಾರರ ಚಿತ್ರಗಳಿವೆ; ಕಾರಂತರ ಶಿಷ್ಯರು ಊರೂರಿನಲ್ಲಿದ್ದಾರೆ.

ಮಾರನೆಯ ದಿನ ತರಗತಿಯಲ್ಲಿ ಇಷ್ಟನ್ನೂ ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅವರು ಏನೂ ಇಟ್ಕೊಳ್ಲೇ ಇಲ್ವಾ ಸಾರ್?" ಎಂದ. ಆ ದಿನ ತರಗತಿಯಲ್ಲಿ ಯಾರೂ ನಗಲಿಲ್ಲ.